ಓದಿನ ಖಾತೆಗೂ ಒಂದು ಲೆಡ್ಜರು

ಎಂಜಿನಿಯರಿಂಗ್ ಸೇರಿದ ಮಕ್ಕಳ ಬಾಯಲ್ಲಿ ಈಗ ‘ಕ್ರೆಡಿಟ್’ ಎಂಬ ಮಾತು ಬಹಳ. ಬ್ಯಾಂಕಿನಲ್ಲಿ ಕೂತು ಜೀವಮಾನವೆಲ್ಲ ಡೆಬಿಟ್ಟು ಕ್ರೆಡಿಟ್ಟು ಬರೆದ ನನಗೆ ಅದು ಹಳೆಯ ನೆಂಟ. ಅಲ್ಲಿ ಹಣದ ಜಮೆ, ಇಲ್ಲಿ ಓದಿನ ಜಮೆ. ಬಿ.ಕಾಂ. ಓದಿದವನಿಗೆ ಕರೆಂಟಿನ ಉಸಾಬರಿ ಏಕೆ ಎನ್ನಬೇಡಿ. ಲೆಕ್ಕ ಎಲ್ಲಿದ್ದರೂ ಲೆಕ್ಕವೇ.

ನಾಲ್ಕು ವರ್ಷದ ಬಿ.ಇ. ಪದವಿಗೆ ಈಗ ಸಾಮಾನ್ಯವಾಗಿ 160 ಕ್ರೆಡಿಟ್ ಬೇಕು. ಎಂಟು ಸೆಮಿಸ್ಟರಿಗೆ ಹಂಚಿದರೆ ಸರಾಸರಿ ಇಪ್ಪತ್ತು. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆಯ ಲ್ಯಾಬಿಗೆ ಒಂದು. ಇಷ್ಟು ತಿಳಿದರೆ ಮೊತ್ತ ತಿಳಿಯಿತು. ಆದರೆ ಮೊತ್ತ ಸರಿಯಿದ್ದ ಮಾತ್ರಕ್ಕೆ ಲೆಡ್ಜರು ಸರಿಯಾಗುವುದಿಲ್ಲ. ಯಾವ ನಮೂದು ಮೊದಲು, ಯಾವುದು ಆಮೇಲೆ ಎಂಬುದೂ ಮುಖ್ಯ.

ನಮ್ಮ ಬೀದಿಯ ಹುಡುಗಿಯೊಬ್ಬಳು ಎಲೆಕ್ಟ್ರಿಕಲ್ ಓದುತ್ತಿದ್ದಾಳೆ. ಮೊದಲ ವರ್ಷದ ಗಣಿತ ಕೈಕೊಟ್ಟಿತು. ಅಪ್ಪ ಆಟೋ ಓಡಿಸುತ್ತಾರೆ. ಇನ್ನೊಂದು ವರ್ಷದ ಫೀಸು ಎಂದರೆ ಆ ಮನೆ ತಡೆಯುವುದಿಲ್ಲ. “ಗಣಿತ ಕೊನೇಲಿ ಬರ್ಕೋತೀನಿ ತಾತ, ಈಗ ಹೊಸ ಸಬ್ಜೆಕ್ಟ್ ನೋಡ್ಕೋತೀನಿ” ಎಂದಳು.

“ಒಂದು ದೊಡ್ಡ ಹಾಳೆ ತಗೊಂಡು ಬಾಮ್ಮ” ಎಂದೆ. ಎಲ್ಲ ವಿಷಯಗಳ ಹೆಸರು ಬರೆಸಿದೆ. ಯಾವುದಕ್ಕೆ ಯಾವುದು ಬೇಕೋ ಅಲ್ಲಿಗೆ ಬಾಣದ ಗುರುತು ಹಾಕಲು ಹೇಳಿದೆ. ಅವಳೇ ವಿವರಿಸುತ್ತ ಹೋದಳು. ಮನೆಗೆ ಬರುವ 230 ವೋಲ್ಟಿನ ಎ.ಸಿ. ಕರೆಂಟಿನ ಲೆಕ್ಕಕ್ಕೆ ಸಂಕೀರ್ಣ ಸಂಖ್ಯೆ ಬೇಕು. ಸ್ವಿಚ್ ಹಾಕಿದ ಕ್ಷಣದಲ್ಲಿ ಸರ್ಕ್ಯೂಟಿನಲ್ಲಿ ಏನಾಗುತ್ತದೆ ಎನ್ನಲು ಅವಕಲ ಸಮೀಕರಣ ಬೇಕು. ಆ ಸಮೀಕರಣವನ್ನು ಸುಲಭ ಮಾಡುವ ಲ್ಯಾಪ್ಲಾಸ್ ವಿಧಾನವೇ ಮುಂದೆ ಕಂಟ್ರೋಲ್ ಸಿಸ್ಟಮ್ಸ್‌ಗೆ ತಳಪಾಯ. ಟ್ರಾನ್ಸ್‌ಫಾರ್ಮರು, ಮೋಟಾರು, ಜನರೇಟರುಗಳನ್ನು ತಿಳಿದ ಮೇಲೆ ಪವರ್ ಸಿಸ್ಟಮ್ಸ್. ಅವಳಿಗೆ ಇಷ್ಟವಾದ ವಿದ್ಯುತ್ ವಾಹನದ ಐಚ್ಛಿಕ ವಿಷಯಕ್ಕೆ ಮೋಟಾರು, ಪವರ್ ಎಲೆಕ್ಟ್ರಾನಿಕ್ಸ್, ಕಂಟ್ರೋಲ್ ಮೂರೂ ಬೇಕು.

ಅರ್ಧ ಗಂಟೆಯಲ್ಲಿ ಹಾಳೆ ತುಂಬ ಬಾಣಗಳು. ಹೆಚ್ಚಿನವು ಹೊರಟದ್ದು ಗಣಿತದಿಂದ. ನಾನು ಏನೂ ಹೇಳಲಿಲ್ಲ. ಅವಳೇ ಹಾಳೆ ನೋಡುತ್ತ, “ಹಾಗಾದ್ರೆ ಇದನ್ನ ಮೊದಲು ತೀರಿಸ್ಬೇಕು” ಎಂದಳು. ಬಾಕಿ ಬಿಟ್ಟರೆ ಬಡ್ಡಿ ಬೆಳೆಯುತ್ತದೆ ಎಂದು ನಾನು ಹೇಳಬೇಕಾಗಿಯೇ ಬರಲಿಲ್ಲ.

ಈಗ ದಿನಾ ಬೆಳಿಗ್ಗೆ ಒಂದು ಗಂಟೆ ಹಳೆಯ ಗಣಿತಕ್ಕೆ ಮೀಸಲು. ಪರೀಕ್ಷೆ ಬರೆದಿದ್ದಾಳೆ, ಫಲಿತಾಂಶ ಬರಬೇಕು. ಏನೇ ಬರಲಿ, ಹೊಸ ಪಾಠ ಈಗ ಅರ್ಥವಾಗುತ್ತಿದೆಯಂತೆ.

ಅಂಥ ಹಾಳೆಯೊಂದನ್ನು ನೀವೂ ಮಾಡಿಕೊಳ್ಳಿ ಮಕ್ಕಳೇ. ಇನ್ನು ಮೂರು ಮಾತು ನೆನಪಿಡಿ. ಒಂದು, ಐಚ್ಛಿಕ ವಿಷಯವನ್ನು ಗೆಳೆಯರು ತೆಗೆದುಕೊಂಡರೆಂದು ಆರಿಸಬೇಡಿ. ಅದಕ್ಕೆ ಬೇಕಾದ ಹಿಂದಿನ ಪಾಠ ನಿಮಗೆ ಬಂದಿದೆಯೇ ನೋಡಿ. ಎರಡು, ಕಷ್ಟದ ಎರಡು ವಿಷಯ ಒಂದೇ ಸೆಮಿಸ್ಟರಿನಲ್ಲಿ ಬಂದರೆ ಹೊರಗಿನ ಕೋರ್ಸುಗಳನ್ನು ಆ ಅವಧಿಗೆ ಮುಂದೂಡಿ. ಮೂರು, ಕ್ಯಾಂಪಸ್ ಸಂದರ್ಶನಗಳು ಹೆಚ್ಚಾಗಿ ಏಳನೆಯ ಸೆಮಿಸ್ಟರಿನ ಹೊತ್ತಿಗೆ ಶುರು. ಬಾಕಿ ವಿಷಯ ಇರುವವರನ್ನು ಹಲವು ಕಂಪನಿಗಳು ಒಳಗೇ ಬಿಡುವುದಿಲ್ಲ. ಲೆಕ್ಕ ಅದಕ್ಕೆ ಮುಂಚೆಯೇ ಚುಕ್ತಾ ಆಗಿರಲಿ.

ಹಿರಿಯರಿಗೂ ಒಂದು ಮಾತು. “ಎಲೆಕ್ಟ್ರಿಕಲ್ ಯಾಕೆ, ಸಾಫ್ಟ್‌ವೇರ್ ವಿಷಯವನ್ನೇ ತಗೋ” ಎಂದು ಒತ್ತಾಯಿಸುವ ಮುನ್ನ ಆ ಹಾಳೆಯನ್ನೊಮ್ಮೆ ನೋಡಿ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯವರೆಗೆ ತಂತಿಯಲ್ಲಿ ಹೋಯಿತು. ನದಿಯ ಬಳಿ ಯಂತ್ರ, ದಾರಿಯುದ್ದಕ್ಕೂ ತಂತಿ, ಗಣಿಯಲ್ಲಿ ಮೋಟಾರು, ಎಲ್ಲವೂ ಒಂದಕ್ಕೊಂದು ಹೊಂದಬೇಕಿತ್ತು. ಮಗುವಿನ ಓದೂ ಹಾಗೆಯೇ. ನಡುವೆ ಒಂದು ಕಡೆ ತಂತಿ ಕಡಿದರೆ ಕೊನೆಯ ಮನೆಯಲ್ಲಿ ದೀಪ ಹತ್ತುವುದಿಲ್ಲ. ಎಷ್ಟು ಅಂಕ ಬಂತು ಎಂದು ಕೇಳುವ ಬದಲು, ಎಲ್ಲಿ ಕಡಿದಿದೆ ಎಂದು ಮೆಲ್ಲಗೆ ಕೇಳಿ.