ಸೌರ ಮಾರುತ: ಅಳತೆಯೂ ನೋಟವೂ

ಬಾಹ್ಯಾಕಾಶ ವಿಜ್ಞಾನದಲ್ಲಿ ಅಂಕಿಗಳೇ ನಿಜವಾದ ಸರಕು, ಚಿತ್ರಗಳು ಪತ್ರಿಕೆಯ ಮುಖಪುಟಕ್ಕೂ ಗಣ್ಯರ ಭಾಷಣಕ್ಕೂ ಒದಗುವ ಅಲಂಕಾರವಷ್ಟೇ ಎಂಬ ಅಭಿಪ್ರಾಯ ಓದು ಬಲ್ಲವರ ನಡುವೆಯೇ ಚಲಾವಣೆಯಲ್ಲಿದೆ. ಮೇಲ್ನೋಟಕ್ಕೆ ಗಂಭೀರವಾಗಿ ಕಾಣುವ ಈ ಮಾತು ಸೌರ ಮಾರುತದ ಮಟ್ಟಿಗೆ ತೀರಾ ಮೇಲ್ಪದರದ್ದು. ಕೋಟ್ಯಂತರ ಕಿಲೋಮೀಟರ್ ಹರಡಿಕೊಂಡು ಹರಿಯುವ ವಸ್ತುವನ್ನು ಒಂದೇ ಕಡೆ ನಿಂತು ಅಳೆದು ಅರಿಯಲಾಗದು. ಅಲ್ಲದೆ ಅಂಥದ್ದೊಂದು ಮಾರುತ ಇದೆಯೆಂಬ ಸುಳಿವು ಸಿಕ್ಕಿದ್ದೇ ಉಪಕರಣಕ್ಕಿಂತ ಮೊದಲು ನೋಟಕ್ಕೆ.

ಸೂರ್ಯನ ಹೊರವಲಯವಾದ ಕರೋನಾದ ಉಷ್ಣತೆ ಹತ್ತು ಲಕ್ಷ ಡಿಗ್ರಿಯನ್ನು ಮೀರುವುದರಿಂದ ಅಲ್ಲಿನ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳು ಸೂರ್ಯನ ಗುರುತ್ವದ ಹಿಡಿತ ತಪ್ಪಿಸಿಕೊಂಡು ಸೆಕೆಂಡಿಗೆ ಸುಮಾರು 300ರಿಂದ 800 ಕಿ.ಮೀ. ವೇಗದಲ್ಲಿ ಎಲ್ಲ ದಿಕ್ಕಿಗೂ ಹರಿಯುತ್ತಿರುತ್ತವೆ. ಇದೇ ಸೌರ ಮಾರುತ. ಬಾಲಚುಕ್ಕಿಗಳ ಅನಿಲದ ಬಾಲ ಸದಾ ಸೂರ್ಯನಿಗೆ ಬೆನ್ನು ಮಾಡಿಯೇ ಇರುವುದು ಬರೀ ಬೆಳಕಿನ ಒತ್ತಡದಿಂದ ಸಾಧ್ಯವಿಲ್ಲ, ಸೂರ್ಯನಿಂದ ಹೊಮ್ಮುವ ಕಣಗಳ ಪ್ರವಾಹವೇ ಅದನ್ನು ತಳ್ಳುತ್ತಿರಬೇಕು ಎಂದು ಜರ್ಮನಿಯ ಲುಡ್ವಿಗ್ ಬೀರ್ಮನ್ 1951ರಲ್ಲಿ ತರ್ಕಿಸಿದರು. 1958ರಲ್ಲಿ ಯುಜೀನ್ ಪಾರ್ಕರ್ ಆ ಪ್ರವಾಹಕ್ಕೆ ಗಣಿತದ ಚೌಕಟ್ಟು ಕೊಟ್ಟಾಗ ವಿಮರ್ಶಕರು ಪ್ರಬಂಧವನ್ನು ತಳ್ಳಿಹಾಕಿದರು. ಅದನ್ನು ಪ್ರಕಟಿಸುವ ಧೈರ್ಯ ಮಾಡಿದವರು, ವಾದ ತಮಗೇ ಒಪ್ಪಿಗೆಯಾಗದಿದ್ದರೂ ಲೆಕ್ಕದಲ್ಲಿ ತಪ್ಪು ಕಾಣದ ಸಂಪಾದಕ ಎಸ್. ಚಂದ್ರಶೇಖರ್. ಮ್ಯಾರಿನರ್-2 ನೌಕೆ ತಿಂಗಳುಗಟ್ಟಲೆ ಸತತವಾಗಿ ಮಾರುತವನ್ನು ಅಳೆದು ಸಂಶಯ ನೀಗಿಸಿದ್ದು 1962ರಲ್ಲಿ.

ನೋಟದ ಬೆಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಸಂಗ 2007ರ ಏಪ್ರಿಲ್ 20ರದು. ಎಂಕೆ ಎಂಬ ಬಾಲಚುಕ್ಕಿ ಬುಧನ ಕಕ್ಷೆಯ ಒಳಗೆ ಸಾಗುತ್ತಿದ್ದಾಗ ಸ್ಟೀರಿಯೋ ನೌಕೆಯ ದೂರದರ್ಶಕ ಅದನ್ನು ಚಿತ್ರಿಸುತ್ತಿತ್ತು. ಚಿತ್ರಗಳನ್ನು ಒಂದರ ಹಿಂದೊಂದು ಇಟ್ಟು ನೋಡಿದಾಗ, ಸೂರ್ಯನ ಕಡೆಯಿಂದ ಬಂದ ಮಸುಕು ಮೋಡವೊಂದು ಬಾಲಚುಕ್ಕಿಯನ್ನು ದಾಟುತ್ತದೆ, ಬಾಲ ಮೊದಲು ಬೆಳಗುತ್ತದೆ, ಬಳಿಕ ಬುಡದಿಂದಲೇ ಕಿತ್ತುಬಂದು ಇಡಿಯಾಗಿ ಮೋಡದ ಜೊತೆ ತೇಲಿಹೋಗುತ್ತದೆ, ಅದರ ಜಾಗದಲ್ಲಿ ಹೊಸ ಬಾಲ ಮೂಡುತ್ತದೆ. ಆ ಮೋಡ ಕರೋನಾದಿಂದ ಸಿಡಿದ ದ್ರವ್ಯರಾಶಿ, ತನ್ನೊಳಗೆ ಕಾಂತಕ್ಷೇತ್ರವನ್ನು ಸುತ್ತಿಕೊಂಡು ಬರುವ ಅನಿಲದ ಮುದ್ದೆ. ಬಾಲ ಹರಿದ ಜಾಗದಲ್ಲಿ ಕಣಗಳನ್ನು ಎಣಿಸುವ ಉಪಕರಣ ಯಾರದೂ ಇರಲಿಲ್ಲ. ನೋಡುವ ಕಣ್ಣೊಂದು ಇರದಿದ್ದರೆ ಆ ಘಟನೆ ನಡೆದದ್ದೇ ಗೊತ್ತಾಗುತ್ತಿರಲಿಲ್ಲ.

ಇಂಥ ಮಾರುತವನ್ನು ಚಿತ್ರಿಸುವುದು ಸುಲಭವಲ್ಲ. ಭೂಮಿಯ ಬಳಿ ಅದರ ಒಂದು ಘನ ಸೆಂಟಿಮೀಟರಿನಲ್ಲಿ ಇರುವುದು ಬೆರಳೆಣಿಕೆಯ ಕಣಗಳು. ಅದರ ಎಲೆಕ್ಟ್ರಾನ್‌ಗಳು ಸೂರ್ಯನ ಬೆಳಕನ್ನು ಅತ್ಯಲ್ಪವಾಗಿ ಚದುರಿಸುತ್ತವೆ, ಆ ಚದುರಿದ ಬೆಳಕನ್ನೇ ದೂರದರ್ಶಕ ಹಿಡಿಯಬೇಕು. ಗ್ರಹಗಳ ನಡುವಿನ ಧೂಳಿನ ಹೊಳಪೂ ನಕ್ಷತ್ರಗಳ ಬೆಳಕೂ ಅದಕ್ಕಿಂತ ಎಷ್ಟೋ ಪಟ್ಟು ಪ್ರಖರವಾಗಿರುವುದರಿಂದ ಅವನ್ನು ಚಿತ್ರದಿಂದ ಎಚ್ಚರಿಕೆಯಿಂದ ಕಳೆಯಬೇಕು. ಸೂರ್ಯನ ನೇರ ಬೆಳಕು ಒಳನುಗ್ಗದಂತೆ ಮಸೂರದ ಮುಂದೆ ಕಪ್ಪು ತಡೆಹಲಗೆಗಳನ್ನು ಸಾಲಾಗಿ, ಪ್ರತಿಯೊಂದೂ ಹಿಂದಿನದಕ್ಕೆ ನೆರಳಾಗುವಂತೆ ನಿಲ್ಲಿಸುತ್ತಾರೆ. ಈ ದೂರದರ್ಶಕದ ಕುಶಲತೆಯೆಲ್ಲ ಇರುವುದು ಬೆಳಕು ಹಿಡಿಯುವುದಕ್ಕಿಂತ ಬೇಡದ ಬೆಳಕನ್ನು ದೂರವಿಡುವುದರಲ್ಲಿ.

ಈಗ ಭಾರತದ ಸ್ಥಿತಿ. 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿದ ಸೌರನೌಕೆ ಆದಿತ್ಯ-ಎಲ್1, ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿ.ಮೀ. ದೂರದ, ಎಲ್1 ಎಂಬ ಲಗ್ರಾಂಜ್ ಬಿಂದುವಿನ ಸುತ್ತ ತಿರುಗುತ್ತಿದೆ. ಅದರ ಕಾಂತತ್ವಮಾಪಕ ಸಿದ್ಧವಾದದ್ದು ಬೆಂಗಳೂರಿನ ರಾಜಾಜಿನಗರಕ್ಕೆ ದೂರವಲ್ಲದ ಪೀಣ್ಯದ ಲಿಯೋಸ್ ಪ್ರಯೋಗಾಲಯದಲ್ಲಿ, 1975ರಲ್ಲಿ ಆರ್ಯಭಟ ಉಪಗ್ರಹ ರೂಪುಗೊಂಡ ಅದೇ ಕೈಗಾರಿಕಾ ಪ್ರದೇಶದಲ್ಲಿ. ಆರು ಮೀಟರ್ ಉದ್ದದ ತೋಳಿನ ತುದಿಯಲ್ಲೊಂದು, ನಡುವೆ ಮೂರು ಮೀಟರಿನಲ್ಲಿ ಇನ್ನೊಂದು ಸಂವೇದಕವಿದ್ದು, ಎರಡರ ಅಳತೆಯ ವ್ಯತ್ಯಾಸದಿಂದ ನೌಕೆಯದೇ ಕಾಂತಪ್ರಭಾವವನ್ನು ಗುರುತಿಸಿ ಕಳೆಯುತ್ತಾರೆ. ಕಣಗಳನ್ನು ಅಳೆಯಲು ಆಸ್ಪೆಕ್ಸ್ ಮತ್ತು ಪಾಪಾ ಉಪಕರಣಗಳಿವೆ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೆಲ್ಕ್ ದೂರದರ್ಶಕ ಸೂರ್ಯಬಿಂಬವನ್ನು ಮರೆಮಾಡಿ ಕರೋನಾವನ್ನು ಮೂರು ಸೌರತ್ರಿಜ್ಯದವರೆಗೆ ಚಿತ್ರಿಸುತ್ತದೆ. ಕೆಂಗೇರಿಯಾಚೆಯ ಬ್ಯಾಲಾಳಿನ 32 ಮೀಟರ್ ಆಂಟೆನಾ ದೂರದ ನೌಕೆಗಳ ಮಾತು ಕೇಳಲೆಂದೇ ಇರುವಂಥದು.

ಆದರೆ ಸೂರ್ಯನಿಂದ ಭೂಮಿಗಿರುವ ದೂರ ಸುಮಾರು 215 ಸೌರತ್ರಿಜ್ಯ. ಅದರಲ್ಲಿ ಮೊದಲ ಮೂರನ್ನು ವೆಲ್ಕ್ ನೋಡುತ್ತದೆ, 213ರ ಬಳಿ ಉಳಿದ ಉಪಕರಣಗಳು ಅಳೆಯುತ್ತವೆ, ನಡುವಿನ 210ರಲ್ಲಿ ಭಾರತದ ಕಣ್ಣು ಇಲ್ಲ. ಕೆಂಗೇರಿಯಲ್ಲಿಟ್ಟ ಒಂದು ಮಳೆಮಾಪಕ ಬಸವೇಶ್ವರನಗರದ ಮಳೆಯ ಬಗ್ಗೆ ಏನೂ ಹೇಳದು, ಒಂದೇ ಕಡೆಯ ಈ ಅಳತೆಯೂ ಹಾಗೆಯೇ. ಸೆಕೆಂಡಿಗೆ 500 ಕಿ.ಮೀ. ವೇಗದ ಮಾರುತ ಆದಿತ್ಯವನ್ನು ದಾಟಿ ಭೂಮಿ ಮುಟ್ಟಲು 50 ನಿಮಿಷ ಸಾಕು. ಸೂರ್ಯನಿಂದ ಹೊರಟು ಬರಲು ಅದಕ್ಕೆ ಮೂರೂವರೆ ದಿನ ಬೇಕು. ಮುನ್ಸೂಚನೆಗೆ ಬೇಕಾದ ಕಾಲವೆಲ್ಲ ಅಡಗಿರುವುದು ಆ ನಡುದಾರಿಯಲ್ಲಿ. 2024ರ ಮೇ 10–11ರ ಸೌರ ಬಿರುಗಾಳಿ ಲಡಾಖಿನ ಹಾನ್ಲೆಯಲ್ಲೂ ಕೆಂಪು ಧ್ರುವಪ್ರಭೆ ಕಾಣಿಸುವಷ್ಟು ಪ್ರಬಲವಾಗಲು ಕಾರಣ, ಬೆನ್ನುಬೆನ್ನಿಗೆ ಸಿಡಿದ ಹಲವು ಮೋಡಗಳು ದಾರಿಯಲ್ಲೇ ಒಂದನ್ನೊಂದು ಹಿಡಿದು ಬೆರೆತದ್ದು.

ನೋಟಕ್ಕೆ ಇಷ್ಟು ಬೆಲೆ ಕೊಡುವುದರ ವಿರುದ್ಧ ಬಲವಾದ ವಾದವೊಂದಿದೆ. ಮೋಡ ಭೂಮಿಗೆ ಹಾನಿ ಮಾಡುವುದೋ ಇಲ್ಲವೋ ಎಂಬುದು ಬಹುಪಾಲು ಅದರೊಳಗಿನ ಕಾಂತಕ್ಷೇತ್ರದ ದಿಕ್ಕಿಗೆ ಬಿಟ್ಟದ್ದು. ಅದು ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಕವಚ ತೆರೆದುಕೊಳ್ಳುತ್ತದೆ, ಉತ್ತರಕ್ಕಿದ್ದರೆ ಮೋಡ ಹೆಚ್ಚು ಗದ್ದಲವಿಲ್ಲದೆ ಹಾದುಹೋಗುತ್ತದೆ. ಎಷ್ಟೇ ಸೂಕ್ಷ್ಮವಾದ ಬಿಳಿಬೆಳಕಿನ ಚಿತ್ರದಲ್ಲೂ ಈ ದಿಕ್ಕು ಕಾಣದು, ಪೀಣ್ಯದಲ್ಲಿ ತಯಾರಾದಂಥ ಉಪಕರಣವೇ ಅದನ್ನು ಹೇಳಬೇಕು. ಈ ಮಾತನ್ನು ಪೂರ್ತಿ ಒಪ್ಪಲೇಬೇಕು. ಆದರೆ ಅದು ಸಾಧಿಸುವುದು ಅಳತೆ ಅನಿವಾರ್ಯ ಎಂಬುದನ್ನು, ನೋಟ ಅನಗತ್ಯ ಎಂಬುದನ್ನಲ್ಲ. ಮೋಡ ಎಷ್ಟು ಅಗಲ, ಎತ್ತ ಬಾಗಿದೆ, ಅದರ ನಡುಭಾಗ ತಾಗುವುದೋ ಅಂಚು ಮಾತ್ರ ಸವರುವುದೋ ಎಂಬುದಕ್ಕೆ ಕಾಂತತ್ವಮಾಪಕದಲ್ಲಿ ಉತ್ತರವಿಲ್ಲ.

ಆ ನಡುದಾರಿಯನ್ನು ನೋಡುವ ಭಾರತದ್ದೇ ನೌಕೆಯ ಮಾತೆತ್ತಿದರೆ ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಏಕೆ ಎನ್ನುವವರು ಉಪಗ್ರಹ ಕಳಿಸಿದ ಹವಾಮಾನದ ವರದಿಯನ್ನು ನೋಡಿಯೇ ಆ ಮಾತಾಡುತ್ತಾರೆ. ಅವರಿಗಿಂತ ಗೌರವಕ್ಕೆ ಅರ್ಹರು, ಅಮೆರಿಕವು 2025ರ ಮಾರ್ಚ್ 11ರಂದು ಹಾರಿಸಿದ ಪಂಚ್ ಎಂಬ ನಾಲ್ಕು ಪುಟ್ಟ ನೌಕೆಗಳ ತಂಡ 6ರಿಂದ 180 ಸೌರತ್ರಿಜ್ಯದವರೆಗಿನ ಮಾರುತವನ್ನು ಚಿತ್ರಿಸಿ ಎಲ್ಲರಿಗೂ ಹಂಚುತ್ತಿರುವಾಗ ಭಾರತಕ್ಕೆ ಪ್ರತ್ಯೇಕ ವೆಚ್ಚವೇಕೆ ಎಂದು ಕೇಳುವವರು. ಆದರೆ ಅದೇ ಪಂಚ್ ಅವರ ವಾದವನ್ನು ಸಡಿಲಿಸುತ್ತದೆ. ಚದುರಿದ ಬೆಳಕಿನ ಧ್ರುವೀಕರಣವನ್ನು, ಅಂದರೆ ಬೆಳಕಿನ ಅಲೆಗಳು ಕಂಪಿಸುವ ದಿಕ್ಕನ್ನು ಅಳೆದು ಅದು ಮೋಡದ ಆಳವನ್ನು ಅಂದಾಜಿಸುತ್ತದೆ, ನಿಜ. ಆದರೂ ಒಂದೇ ನೆಲೆಯಿಂದ ಮಾಡಿದ ಅಂದಾಜಿಗೆ ಬೇರೆ ನೆಲೆಯ ಕಣ್ಣು ಸಾಕ್ಷಿ ನುಡಿಯಬೇಕು. ಭೂಮಿಯ ಬಳಿಯ ಪಂಚ್ ತನ್ನತ್ತಲೇ ಧಾವಿಸುವ ಮೋಡವನ್ನು ಎದುರಿನಿಂದ ನೋಡುತ್ತದೆ; ಸೂರ್ಯನ ಸುತ್ತ ಭೂಮಿಗಿಂತ 60 ಡಿಗ್ರಿ ಹಿಂದಿರುವ, ಎಲ್5 ಎಂಬ ಇನ್ನೊಂದು ಲಗ್ರಾಂಜ್ ಬಿಂದುವಿನಿಂದ ಅದೇ ಮೋಡ ಪಕ್ಕದಿಂದ ಕಾಣುತ್ತದೆ, ಅದರ ವೇಗವನ್ನು ಅಂದಾಜಿಸದೆ ನೇರವಾಗಿಯೇ ಅಳೆಯಬಹುದು. ಆದಿತ್ಯದ ನಂತರದ ಸೌರನೌಕೆಯ ಚರ್ಚೆಯಲ್ಲಿ ಎಷ್ಟು ಉಪಕರಣ ಎಂಬುದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬುದು.