ಘಟ್ಟದಿಂದ ಬಂದ ಹೆಣ್ಣುಮಗಳು

ಹೊಟ್ಟೆಪಾಡಿಗಾಗಿ ಮಹಾರಾಷ್ಟ್ರಕ್ಕೆ ಬಂದ ಕನ್ನಡ ಸೀಮೆಯವರೆಂದರೆ ಹೋಟೆಲಿನ ಗಂಡಸರೆಂದೇ ಎಲ್ಲರ ಎಣಿಕೆ. ನಮಗಿಂತ ಬಹು ಮೊದಲೇ ಅಲ್ಲಿಂದ ಬಂದು ಈ ನಾಡಿನ ಹೆಣ್ಣುಮಕ್ಕಳ ಪಾಡನ್ನು ಬದಲಿಸಿದವರು ಪಂಡಿತಾ ರಮಾಬಾಯಿ.

ತಂದೆ ಅನಂತ ಶಾಸ್ತ್ರಿ ಡೋಂಗರೆ ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿ, ಆ ಕಾರಣದಿಂದಲೇ ಜಾತಿಬಾಂಧವರ ವಿರೋಧವನ್ನು ಕಟ್ಟಿಕೊಂಡು, ಗಂಗಾಮೂಲದ ಕಾಡು ಸೇರಿದ್ದರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿ. ಆಮೇಲೆ ಸಂಸಾರ ಊರೂರು ಅಲೆಯತೊಡಗಿದಾಗ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು, ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ. ಮನೆಮಾತು ಮರಾಠಿಯಾದರೂ ಕನ್ನಡವೂ ಅವರಿಗೆ ಬರುತ್ತಿತ್ತು. ತಂದೆತಾಯಿಗಳು ಬರಗಾಲದಲ್ಲಿ ತೀರಿಕೊಂಡರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು 'ಪಂಡಿತಾ' ಎಂದು ಗೌರವಿಸಿದಾಗ ವಯಸ್ಸು ಇಪ್ಪತ್ತು. ಅನ್ಯಜಾತಿಯ ಬಂಗಾಳಿಯೊಬ್ಬರನ್ನು ಮದುವೆಯಾಗಿ ಎರಡೇ ವರ್ಷಗಳೊಳಗೆ, ಕಂಕುಳಲ್ಲಿ ಹೆಣ್ಣುಕೂಸಿರುವಾಗ, ವಿಧವೆಯಾದರು.

ಅದೇ 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು; ಹಂಟರ್ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಕಲಿಸಲು ತರಬೇತಾದ ಶಿಕ್ಷಕಿಯರು ಬೇಕು, ಚಿಕಿತ್ಸೆಗೆ ಹೆಂಗಸರೇ ವೈದ್ಯರಾಗಬೇಕು ಎಂದು ವಾದಿಸಿದರು. 1889ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾರದಾ ಸದನವು ಬಾಲವಿಧವೆಯರಿಗೆ ಅನ್ನ, ಆಸರೆ, ಅಕ್ಷರ ಮೂರನ್ನೂ ಕೊಟ್ಟಿತು. ಅಲ್ಲಿ ಓದಿದ ಗೋದೂಬಾಯಿಯನ್ನೇ 1893ರಲ್ಲಿ ಕರ್ವೆಯವರು ವಿವಾಹವಾದರು. ಮುಂದೆ ಮಹಿಳಾ ವಿಶ್ವವಿದ್ಯಾಲಯವನ್ನು ಕಟ್ಟಿದ ಕರ್ವೆಯವರೇ ಇವರು.

ರಮಾಬಾಯಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ್ದುದರಿಂದ ಪುಣೆಯಲ್ಲಿ ದೊಡ್ಡ ಕೋಲಾಹಲವೆದ್ದಿತು. ತಿಲಕರ 'ಕೇಸರಿ' ಕಟುವಾಗಿ ಬರೆಯಿತು. ರಾನಡೆ, ಭಾಂಡಾರಕರರಂತಹ ಹಿತೈಷಿಗಳೂ ದೂರ ಸರಿದರು. ಆ ವಾದದ ಗುಣದೋಷಗಳನ್ನು ಬಲ್ಲವರು ಚರ್ಚಿಸಲಿ. ಆದರೆ ಧರ್ಮ ಹೋಯಿತೆಂದು ಕೂಗಿದವರಲ್ಲಿ ಎಷ್ಟು ಮಂದಿ ತಮ್ಮ ಮನೆಯ ತಲೆಬೋಳಿಸಿದ ಹುಡುಗಿಯ ಕೈಗೆ ಪುಸ್ತಕವನ್ನಿತ್ತಿದ್ದರೆಂದು ಕೇಳುವ ಹಕ್ಕು ನಮಗುಂಟು. 1896-97ರ ಕ್ಷಾಮದಲ್ಲಿ ಬೀದಿಪಾಲಾದ ಹೆಣ್ಣುಮಕ್ಕಳನ್ನು ಆಕೆ ನೂರುಗಟ್ಟಲೆ ಕರೆತಂದು ಕೇಡಗಾಂವಿನಲ್ಲಿ ಸಾಕಿದರು. ನೇಯ್ಗೆ, ಮುದ್ರಣ, ಬೇಸಾಯಗಳನ್ನು ಕಲಿಸಿದರು. ಮಗಳು ಮನೋರಮಾ ಗುಲ್ಬರ್ಗದಲ್ಲಿ ಶಾಲೆ ನಡೆಸಿದರು. ಆಗ ಗುಲ್ಬರ್ಗವೂ ನಮ್ಮ ಈ ವೈಜಾಪುರವೂ ಒಂದೇ ನಿಜಾಮ ಸಂಸ್ಥಾನದಲ್ಲಿದ್ದವು. ತಾಯಿ, ಮಗಳು ಇಬ್ಬರೂ 1922ರೊಳಗೆ ತೀರಿಕೊಂಡರು. ಕೇಡಗಾಂವಿನ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಇಂಥವರ ಹೆಸರಿನಲ್ಲಿ ಹಾರ ತುರಾಯಿಗಳ ಸಭೆ ಮಾಡುವುದು ಸುಲಭ. ನಮ್ಮವರ ಹೋಟೆಲುಗಳ ಹಿಂಬದಿಯನ್ನು ಒಮ್ಮೆ ನೋಡಬೇಕು. ಪಾತ್ರೆ ತಿಕ್ಕುವ, ತರಕಾರಿ ಹೆಚ್ಚುವ ಹೆಂಗಸಿನ ಕೈಗೆ ಗಂಡಾಳಿನ ಕೂಲಿಗಿಂತ ಕಡಿಮೆ ಹಾಕಿದರೆ ಯಾರೂ ಹುಬ್ಬೇರಿಸುವುದಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾಯಿದೆ 1976ರಲ್ಲಿಯೇ ಆಗಿದೆ. ಗಲ್ಲೆಯ ಮೇಲೆ ಕುಳಿತ ಮಾಲೀಕರಿಗೂ, ಪಗಾರದ ಪುಸ್ತಕ ಬರೆಯುವ ಗುಮಾಸ್ತರಿಗೂ ಅದು ತಿಳಿಯದ ಸಂಗತಿಯಲ್ಲ. ಈ ತಿಂಗಳ ಪಗಾರದಿಂದಲೇ ಆ ಎರಡು ಅಂಕಿಗಳನ್ನು ಸರಿಸಮ ಮಾಡಿ ಬರೆಯಲಿ.