ಸೂತ್ರವಿದೆ, ವೃತ್ತಿಯೆಲ್ಲಿ?

ಜಾಲತಾಣಗಳ ಚೆಲುವನ್ನು ತಿದ್ದುವ ಭಾಷೆಗಳಿಗೆ ಬಳಕೆದಾರರೇ ಕೂಡಿ ಕೈಪಿಡಿ ಬರೆಯುವ ಕೆಲಸವನ್ನು ಕುರಿತು ಈ ಲೇಖನ. 'ನಿವೃತ್ತರಾದ ಮೇಷ್ಟ್ರಿಗೆ ಇದರ ಉಸಾಬರಿ ಏಕೆ?' ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿ, ಅಡ್ಡಿಯಿಲ್ಲ, ಆದರೆ ಕೊನೆಯವರೆಗೆ ಓದಿ. ಬೆಂಗಳೂರಿನಲ್ಲಿ ಒಳ್ಳೆಯ ಹುದ್ದೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಹೇಳಿದ: "ಸಾರ್, ಡಾಕ್ಯುಮೆಂಟೇಶನ್ ಬರೆಯುವುದು ಬೇರೆ ಕೆಲಸವಿಲ್ಲದವರು ಮಾಡುವ ಕೆಲಸ. ಕೋಡ್ ಓದಿದರೆ ಎಲ್ಲ ಅರ್ಥವಾಗುತ್ತದೆ." ಹುಡುಗ ಪ್ರೀತಿಯಿಂದಲೇ ಆಡಿದ ಮಾತು. ಆದರೂ ಮೂರು ದಶಕ ಕರಿಹಲಗೆಯ ಮುಂದೆ ನಿಂತವನಿಗೆ ಆ ಮಾತನ್ನು ಹಾಗೆಯೇ ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ಆ ಮಾತು ತಪ್ಪು ಮಾತ್ರವಲ್ಲ, ಹಾನಿಕರವೂ ಹೌದು ಎಂಬುದು ನನ್ನ ವಾದ.

ಮೊದಲು ವಿಷಯ ತಿಳಿಯದ ಬಂಧುಗಳಿಗಾಗಿ ಎರಡು ಮಾತು. ಜಾಲಪುಟವೊಂದರಲ್ಲಿ ವಿಷಯ ಬೇರೆ, ಅದರ ವೇಷ ಬೇರೆ. ಅಕ್ಷರದ ಗಾತ್ರ, ಬಣ್ಣ, ಸಾಲುಗಳ ನಡುವಣ ಅಂತರ, ಅಂಚು ಇವೆಲ್ಲ ವೇಷ. ಇದನ್ನು ನಿರ್ದೇಶಿಸುವ ಭಾಷೆಗೆ ಸಿಎಸ್‌ಎಸ್ ಎಂದು ಹೆಸರು. ಹೋಕನ್ ವಿಯಮ್ ಲೀ ಎಂಬ ನಾರ್ವೆಯ ತಂತ್ರಜ್ಞರು 1994ರ ಅಕ್ಟೋಬರಿನಲ್ಲಿ ಇದರ ಪ್ರಸ್ತಾವವನ್ನು ಮುಂದಿಟ್ಟರು. ಬರ್ಟ್ ಬಾಸ್ ಅವರ ಜೊತೆಗೂಡಿದರು. 1996ರ ಡಿಸೆಂಬರಿನಲ್ಲಿ ಮೊದಲ ಆವೃತ್ತಿಗೆ ಅಧಿಕೃತ ಮನ್ನಣೆ ದೊರೆಯಿತು. ಈ ಭಾಷೆಯ ಹುಟ್ಟಿನಲ್ಲೇ ಒಂದು ಉದಾತ್ತ ವಿಚಾರವಿದೆ. ಪುಟ ಬರೆದವನ ಇಷ್ಟದೊಡನೆ ಓದುವವನ ಇಷ್ಟಕ್ಕೂ ಅಲ್ಲಿ ಸ್ಥಾನವುಂಟು. ಇಬ್ಬರೂ ತಮ್ಮ ನಿಯಮವನ್ನು 'ಮುಖ್ಯ' ಎಂದು ಗುರುತು ಮಾಡಿದರೆ ಗೆಲ್ಲುವುದು ಓದುಗನ ನಿಯಮ! ಕಣ್ಣು ಮಂಜಾದ ನಮ್ಮಂಥವರಿಗೆ ಇದು ಎಷ್ಟು ದೊಡ್ಡ ಹಕ್ಕು ಯೋಚಿಸಿ. ಆದರೆ ಈ ಹಕ್ಕು ತನಗಿದೆ ಎಂದು ತಿಳಿದ ಓದುಗರು ಎಷ್ಟು ಮಂದಿ? ಯಾರೂ ತಿಳಿಸಿ ಹೇಳದ ಹಕ್ಕು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಆಸ್ತಿಪತ್ರದಂತೆ, ಇದ್ದೂ ಇಲ್ಲ.

ಸಿಎಸ್‌ಎಸ್ ಎಲ್ಲ ತಾಣಗಳಿಗೂ ಸೇರಿದ್ದು. ಒಂದೇ ತಾಣಕ್ಕೆಂದು ಹುಟ್ಟಿದ ಭಾಷೆಯೂ ಉಂಟು. 1999ರಲ್ಲಿ ಅಮೆರಿಕದಲ್ಲಿ ಆರಂಭವಾದ ಲೈವ್‌ಜರ್ನಲ್ ಎಂಬ ದಿನಚರಿ ತಾಣದವರು ಎಸ್2 ಎಂಬ ಭಾಷೆಯನ್ನು ರೂಪಿಸಿದರು. ಅದರಲ್ಲಿ ಪದರಗಳಿವೆ. ತಳದಲ್ಲಿ ಕೋರ್, ಅದರ ಮೇಲೆ ಲೇಔಟ್, ಅದರ ಮೇಲೆ ಥೀಮ್, ಎಲ್ಲಕ್ಕೂ ಮೇಲೆ ಬಳಕೆದಾರನ ಸ್ವಂತ ಪದರ. ತಳಪಾಯ, ಗೋಡೆ, ಸುಣ್ಣಬಣ್ಣ, ಹೊಸಿಲ ಮುಂದಿನ ರಂಗೋಲಿ ಎಂದುಕೊಳ್ಳಿ. ತಳಪಾಯ ಮುಟ್ಟದೆಯೇ ರಂಗೋಲಿ ಬದಲಿಸಬಹುದು. ಸೊಗಸಾದ ಏರ್ಪಾಡು. ಆದರೆ ಇಂಥ ಭಾಷೆಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಇದಕ್ಕೆಂದು ಪುಸ್ತಕದ ಅಂಗಡಿಯಲ್ಲಿ ಮಾರ್ಗದರ್ಶಿ ಹುಡುಕಿದರೆ ಸಿಕ್ಕೀತೆ? ಮೊದಲು ಕಲಿತ ಬಳಕೆದಾರರು ಆಮೇಲೆ ಬಂದವರಿಗಾಗಿ ಬರೆದಿಟ್ಟ ಟಿಪ್ಪಣಿಗಳೇ ಅದರ ಪಾಠಶಾಲೆ. ಆ ತಾಣದ ಒಡೆತನ 2005ರಲ್ಲಿ ಒಂದು ಕಂಪನಿಗೂ 2007ರಲ್ಲಿ ರಷ್ಯದ ಇನ್ನೊಂದು ಕಂಪನಿಗೂ ಹೋಯಿತು. 2009ರಲ್ಲಿ ಅದೇ ಮುಕ್ತ ತಂತ್ರಾಂಶವನ್ನು ಆಧರಿಸಿ ಡ್ರೀಮ್‌ವಿಡ್ತ್ ಎಂಬ ಬೇರೆ ತಾಣ ತೆರೆಯಿತು. ಎಸ್2 ಭಾಷೆ ಅಲ್ಲಿಗೂ ಬಂತು. ಒಡೆಯರು ಬದಲಾಗುತ್ತಾರೆ, ತಾಣ ಬದಲಾಗುತ್ತದೆ. ಭಾಷೆಯನ್ನು ಬಲ್ಲವರು ಬರೆದಿಟ್ಟದ್ದು ಮಾತ್ರ ಮುಂದಿನವರ ಕೈಗೆ ದಾಟುತ್ತದೆ.

ಇದು ನಮಗೆ ಹೊಸ ವಿಚಾರವೇ? ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣವನ್ನು ಬರೆದಾಗ ಬರಿಯ ಸೂತ್ರಗಳನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಕಂದಪದ್ಯದಲ್ಲಿ ಸೂತ್ರ, ಅದರ ಕೆಳಗೆ ತಾನೇ ಬರೆದ ವೃತ್ತಿ, ಅದರ ಕೆಳಗೆ ಪ್ರಯೋಗ. ನಿಯಮ, ವಿವರಣೆ, ಉದಾಹರಣೆ ಈ ಮೂರೂ ಕೂಡಿದರೇ ಶಾಸ್ತ್ರ. ಇಂದಿನ ತಂತ್ರಜ್ಞರು 'ಸೂತ್ರ ಬರೆದಾಯಿತು, ವೃತ್ತಿ ಏಕೆ?' ಎನ್ನುತ್ತಾರೆ. ಎಂಟುನೂರು ವರ್ಷಗಳ ಹಿಂದಿನ ವೈಯಾಕರಣನಿಗಿದ್ದ ವಿವೇಕ ನಮ್ಮ ಕಾಲಕ್ಕೆ ಬೇಡವಾಯಿತೆ?

ಇನ್ನು ಎದುರು ಪಕ್ಷದ ವಾದಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಕೋಡ್ ಓದಿದರೆ ಅರ್ಥವಾಗುತ್ತದೆ ಎಂಬುದು. ಸಿಎಸ್‌ಎಸ್‌ನಲ್ಲಿ ಒಂದು ಪ್ಯಾರಾದ ಕೆಳಗೆ 20 ಪಿಕ್ಸೆಲ್ ಅಂಚು, ಅದರ ನಂತರದ ಪ್ಯಾರಾದ ಮೇಲೆ 30 ಪಿಕ್ಸೆಲ್ ಅಂಚು ಕೊಟ್ಟಿರೆನ್ನಿ. ನಡುವೆ ಎಷ್ಟು ಜಾಗ ಬಿಡುತ್ತದೆ? ಐದನೆಯ ತರಗತಿಯ ಮಗು 50 ಎನ್ನುತ್ತದೆ. ಸಾಮಾನ್ಯವಾಗಿ ಬರುವುದು 30! ಮೇಲೆ ಕೆಳಗೆ ತಾಗಿ ನಿಂತ ಎರಡು ಅಂಚುಗಳು ಕೂಡುವುದಿಲ್ಲ, ಒಂದರೊಳಗೊಂದು ಸೇರಿ ದೊಡ್ಡದು ಉಳಿಯುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ನಿಯಮ. 20 ಎಂದೂ 30 ಎಂದೂ ಬರೆದ ಆ ಎರಡು ಸಾಲುಗಳನ್ನು ನೂರು ಸಲ ಓದಿದರೂ ಈ ಗುಟ್ಟು ಹೊಳೆಯದು. ಕೋಡ್ ತಾನು ಏನು ಮಾಡಬೇಕೆಂಬುದನ್ನು ಯಂತ್ರಕ್ಕೆ ಹೇಳುತ್ತದೆ. ಹಾಗೇಕೆ, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ಮನುಷ್ಯನಿಗೆ ಹೇಳುವುದಿಲ್ಲ. ಲೆಕ್ಕದ ಪುಸ್ತಕದ ಕೊನೆಯ ಉತ್ತರಗಳನ್ನು ತೋರಿಸಿ 'ಇದೇ ಪಾಠ' ಎಂದ ಶಿಕ್ಷಕನನ್ನು ನೀವು ಒಪ್ಪುತ್ತಿದ್ದಿರಾ?

ಎರಡನೆಯದು, ಆ ಕೆಲಸವನ್ನು ಕಂಪನಿಗಳು ನೋಡಿಕೊಳ್ಳುತ್ತವೆ ಎಂಬುದು. ಚರಿತ್ರೆ ಬೇರೆಯೇ ಹೇಳುತ್ತದೆ. ನೆಟ್‌ಸ್ಕೇಪ್ ಕಂಪನಿಯ ಡೆವ್‌ಎಡ್ಜ್ ಎಂಬ ತಾಣದಲ್ಲಿ ಜಾಲತಂತ್ರಜ್ಞಾನದ ಅಪಾರ ಬರಹವಿತ್ತು. ಒಡೆಯರಾಗಿದ್ದ ಎಒಎಲ್‌ನವರು 2004ರಲ್ಲಿ ಅದನ್ನು ಮುಚ್ಚಿಬಿಟ್ಟರು. ಮೊಜಿಲ್ಲಾ ಪ್ರತಿಷ್ಠಾನವು ಅನುಮತಿ ಪಡೆದು ಆ ಬರಹವನ್ನು ತಂದು 2005ರಲ್ಲಿ ಯಾರು ಬೇಕಾದರೂ ತಿದ್ದಬಹುದಾದ ವಿಕಿಯಾಗಿ ಆರಂಭಿಸಿತು. ಇಂದು ಎಂಡಿಎನ್ ಎಂದು ಹೆಸರಾಗಿರುವುದು ಅದೇ. 2012ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಅಡೋಬಿ ಮೊದಲಾದ ದೊಡ್ಡವರೆಲ್ಲ ಸೇರಿ ವೆಬ್ ಪ್ಲಾಟ್‌ಫಾರ್ಮ್ ಡಾಕ್ಸ್ ಎಂಬ ಇನ್ನೊಂದು ಕೈಪಿಡಿ ತಾಣವನ್ನು ಸಂಭ್ರಮದಿಂದ ತೆರೆದರು. 2015ರಲ್ಲಿ ಅದು ನಿಂತುಹೋಯಿತು. 2020ರ ಆಗಸ್ಟಿನಲ್ಲಿ ಮೊಜಿಲ್ಲಾ ಸುಮಾರು 250 ಮಂದಿಯನ್ನು ಕೆಲಸದಿಂದ ತೆಗೆದಾಗ ಎಂಡಿಎನ್‌ಗೆ ಬರೆಯುತ್ತಿದ್ದವರಿಗೂ ಏಟು ಬಿತ್ತು. ಆ ಬರಹ ನಿಲ್ಲಬಾರದೆಂದು 2021ರ ಜನವರಿಯಲ್ಲಿ ಓಪನ್ ವೆಬ್ ಡಾಕ್ಸ್ ಎಂಬ ಪ್ರತ್ಯೇಕ ಸಂಘಟನೆಯೇ ಹುಟ್ಟಬೇಕಾಯಿತು. ಕಂಪನಿಗೆ ಕೈಪಿಡಿ ಒಂದು ಖರ್ಚಿನ ಬಾಬತ್ತು; ಸಮುದಾಯಕ್ಕೆ ಅದು ಊರಿನ ಬಾವಿ. ಬಾವಿಯ ಹೂಳೆತ್ತುವವರು ನೀರು ಸೇದುವವರೇ ಆಗಿರಬೇಕು.

ಮೂರನೆಯದು, ಈ ಕೆಲಸಕ್ಕೆ ಇಳಿಯುವವರಿಗೆಲ್ಲ ಇಂಗ್ಲಿಷ್ ಬರುತ್ತದೆ, ಕನ್ನಡದಲ್ಲೇಕೆ ಎಂಬುದು. ನನಗೆ ಹೆಚ್ಚು ನೋವು ತರುವ ವಾದ ಇದೇ. ಒಂದು ಕಾರ್ಯಾಗಾರದಲ್ಲಿ ಈ ಮಾತೆತ್ತಿದಾಗ ವೇದಿಕೆಯ ಮೇಲಿದ್ದ ತಜ್ಞರೊಬ್ಬರು "ಯಾರು ಓದುತ್ತಾರೆ?" ಎಂದು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಯಾರು ಓದುತ್ತಾರೆಂಬುದು ಬರೆದ ಮೇಲೆ ತಿಳಿಯುವ ಸಂಗತಿ. ಅದಿರಲಿ, ಇಂಗ್ಲಿಷ್ ಕೈಪಿಡಿಯನ್ನು ಅಕ್ಷರಶಃ ಅರಗಿಸಿಕೊಂಡವನಿಗೂ ಕನ್ನಡದ ಪುಟ ಕಟ್ಟುವಾಗ ಕಾಡುವ ಪ್ರಶ್ನೆಗಳಿಗೆ ಅಲ್ಲಿ ನೇರ ಉತ್ತರ ಸಿಗುವುದು ಅಪರೂಪ. ನಾಲ್ಕು ನಿದರ್ಶನ ಕೊಡುತ್ತೇನೆ.

ಇಂಗ್ಲಿಷ್ ಪುಟಗಳಿಗೆ ಹೊಂದಿಸಿ ಸಾಲಿನ ಎತ್ತರವನ್ನು ಅಕ್ಷರದ 1.2 ಪಟ್ಟಿಗೆ ಬಿಗಿಹಿಡಿದ ವಿನ್ಯಾಸಗಳಲ್ಲಿ ಕನ್ನಡದ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ. 'ರಾಷ್ಟ್ರೀಯ' ಎಂಬ ಪದದ ಕೆಳಗೆ 'ಕೀರ್ತಿ' ಬಂದರೆ ಸಾಲು ಉಸಿರುಗಟ್ಟುತ್ತದೆ. ನಮಗೆ 1.6ರ ಆಸುಪಾಸು ಬೇಕೆಂಬುದು ನನ್ನ ಅನುಭವ. ಸಣ್ಣಕ್ಷರವನ್ನು ದೊಡ್ಡಕ್ಷರ ಮಾಡುವ ನಿಯಮಕ್ಕೆ ಇಂಗ್ಲಿಷ್ ಕೈಪಿಡಿಯಲ್ಲಿ ಪುಟಗಟ್ಟಲೆ ವಿವರಣೆ. ಕನ್ನಡದಲ್ಲಿ ಆ ಭೇದವೇ ಇಲ್ಲವಾದ್ದರಿಂದ ಅದು ನಮಗೆ ನಿಷ್ಪ್ರಯೋಜಕ. ಪ್ಯಾರಾದ ಮೊದಲ ಅಕ್ಷರವನ್ನು ಮಾತ್ರ ಅಲಂಕರಿಸುವ ನಿಯಮವೊಂದಿದೆ. 'ಸ್ತ್ರೀ' ಎಂಬುದು ನಮ್ಮ ಕಿವಿಗೆ ಒಂದಕ್ಷರ, ಯೂನಿಕೋಡ್‌ನ ಲೆಕ್ಕದಲ್ಲಿ ಆರು ಸಂಕೇತ. ಬಣ್ಣ ಇಡಿಯ ಅಕ್ಷರಕ್ಕೆ ಬರುತ್ತದೆಯೇ ಎಂಬುದನ್ನು ಬ್ರೌಸರ್ ಬ್ರೌಸರಿನಲ್ಲೂ ನೋಡಿ ಬರೆದಿಡುವವರು ನಾವಲ್ಲದೆ ಇನ್ನಾರು? ಕೊನೆಯದು ಸಂತೋಷದ ಸಂಗತಿ. ಪಟ್ಟಿಗಳಿಗೆ ೧, ೨, ೩ ಎಂದು ಕನ್ನಡದ ಅಂಕಿಗಳನ್ನೇ ಹಾಕುವ ಸೌಲಭ್ಯ ಸಿಎಸ್‌ಎಸ್‌ನಲ್ಲಿ 'ಕನ್ನಡ' ಎಂಬ ಹೆಸರಿನಲ್ಲೇ ಇದೆ! ನಮ್ಮ ಭಾಷೆಯ ಹೆಸರು ಆ ನಿಯಮಗಳ ನಡುವೆ ಕುಳಿತಿದೆ, ನಮ್ಮ ಮಕ್ಕಳಿಗೆ ಸುದ್ದಿ ತಲುಪಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಇಷ್ಟು ಶ್ರದ್ಧೆಯಿಂದ ಪಾಲಿಸಬೇಕಿರಲಿಲ್ಲ.

ಆದ್ದರಿಂದ ಬೇಕಾಗಿರುವುದು ಅನುವಾದವಷ್ಟೇ ಅಲ್ಲ, ಹೊಸದಾಗಿ ಬರೆದ ಕೈಪಿಡಿ. ಎಂಡಿಎನ್ ಇಂದು ಜಪಾನಿ, ಕೊರಿಯನ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಓದಲು ಸಿಗುತ್ತದೆ, ಕನ್ನಡದಲ್ಲಿಲ್ಲ. ಜಪಾನಿನ ತಂತ್ರಜ್ಞರಿಗೆ ಇಂಗ್ಲಿಷ್ ಕೈಪಿಡಿ ಸಿಗದೆ ಹೋಗಿತ್ತೆ? ಇಲ್ಲ. ತಮ್ಮ ಭಾಷೆಯಲ್ಲೂ ಇರಬೇಕೆಂದು ಕೆಲವರು ಪಟ್ಟುಹಿಡಿದು ಬರೆದರು, ಅಷ್ಟೇ.

ನಾಲ್ಕನೆಯದು ಈಗಿನ ಕಾಲದ ವಾದ. 'ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಕನ್ನಡದಲ್ಲೇ ಹೇಳುತ್ತದೆ, ಬರೆಯುವ ಶ್ರಮವೇಕೆ?' ಆ ಯಂತ್ರ ಹೇಳುವುದು ಮನುಷ್ಯರು ಹಿಂದೆ ಬರೆದಿಟ್ಟದ್ದನ್ನು ಓದಿಯೇ. ಕನ್ನಡದ ಒತ್ತಕ್ಷರದ ಪಾಡನ್ನು ಯಾರೂ ಬರೆಯದಿದ್ದರೆ ಅದು ಎಲ್ಲಿಂದ ತಂದೀತು? ಇಂಗ್ಲಿಷಿನ ಉತ್ತರಕ್ಕೆ ಕನ್ನಡದ ಅಂಗಿ ತೊಡಿಸಿ ಕೊಡಬಹುದು. ಬಿತ್ತದೆ ಬೆಳೆಯುವುದು ಕಳೆ ಮಾತ್ರ.

ಟೀಕಿಸಿದವನು ದಾರಿಯನ್ನೂ ತೋರಿಸಬೇಕಲ್ಲವೆ? ಬಿ.ಎಡ್. ತರಗತಿಯಲ್ಲಿ ನಮಗೆ ಹರ್ಬಾರ್ಟನ ಸೋಪಾನಗಳನ್ನು ಕಲಿಸುತ್ತಿದ್ದರು: ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಕೈಪಿಡಿಯ ಪುಟಕ್ಕೂ ಇವೇ ಸಾಕು. ಓದುಗನಿಗೆ ಈಗಾಗಲೇ ಏನು ತಿಳಿದಿದೆಯೋ ಅಲ್ಲಿಂದ ಹೊರಡಿ. ಒಂದು ನಿಯಮ ಹೇಳಿ, ನಕಲು ಮಾಡಿ ಹಾಕಿದರೆ ಕೂಡಲೇ ಕೆಲಸ ಮಾಡುವಂಥ ಉದಾಹರಣೆ ಕೊಡಿ. ಅದನ್ನು ಹೋಲುವ ಬೇರೆ ನಿಯಮದೊಡನೆ ಪಕ್ಕದಲ್ಲಿಟ್ಟು ತೋರಿಸಿ. ಆಮೇಲೆ ತತ್ತ್ವ ಹೇಳಿ. ಕೊನೆಯಲ್ಲಿ ಅಭ್ಯಾಸ ಕೊಡಿ, ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದಿರಿ ಎಂದು ದಿನಾಂಕ ಹಾಕಿ. 'ಇದು ಬಹಳ ಸುಲಭ' ಎಂದು ಎಲ್ಲಿಯೂ ಬರೆಯಬೇಡಿ. ಸುಲಭವೆನಿಸದ ಓದುಗ ಆ ಮಾತು ಕಂಡು ತನ್ನನ್ನೇ ದಡ್ಡನೆಂದುಕೊಳ್ಳುತ್ತಾನೆ. ಸಂತೆಗೆ ಮೂರು ಮೊಳ ನೇಯ್ದಂತೆ ಬರೆಯುವುದಾದರೆ ಬರೆಯದಿರುವುದೇ ಲೇಸು.

ಎಲ್ಲಿ ಬರೆಯಬೇಕೆಂದು ಕೇಳುವವರಿಗೆ ಬಾಗಿಲು ತೆರೆದೇ ಇದೆ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ಅಲ್ಲಿ ಪ್ರತಿ ಸದಸ್ಯನೂ ತನ್ನದೇ ಒಂದು ಸಿಎಸ್‌ಎಸ್ ಪುಟವನ್ನಿಟ್ಟುಕೊಂಡು ತಾಣವು ತನಗೆ ಕಾಣುವ ಬಗೆಯನ್ನು ಬದಲಿಸಿಕೊಳ್ಳಬಹುದು. ಟೆಂಪ್ಲೇಟುಗಳಿಗೆ ಪಕ್ಕದಲ್ಲೇ ವಿವರಣೆಯ ಪುಟ ಜೋಡಿಸುವ ಏರ್ಪಾಡೂ ಇದೆ. ಇಂಗ್ಲಿಷಿನಿಂದ ತಂದ ಟೆಂಪ್ಲೇಟಿನೊಡನೆ ಇಂಗ್ಲಿಷಿನಲ್ಲೇ ಉಳಿದುಬಿಟ್ಟ ವಿವರಣೆಗಳು ಕಡಿಮೆಯಿಲ್ಲ. ವಾರಕ್ಕೊಂದು ಪುಟದಂತೆ ಕೈಗೆತ್ತಿಕೊಂಡರೆ ಒಬ್ಬರಿಂದ ವರ್ಷಕ್ಕೆ ಐವತ್ತು ಪುಟ. ನನ್ನ ವಿದ್ಯಾರ್ಥಿಗಳಲ್ಲಿ ಈ ವಿದ್ಯೆ ಬಲ್ಲವರು ಹತ್ತು ಮಂದಿಯಾದರೂ ಇದ್ದೀರಿ. ಲೆಕ್ಕ ನೀವೇ ಮಾಡಿ.

ನೀವು ಬರೆದ ಕೋಡ್ ಕಂಪನಿಯದು. ನೀವು ಹೊರಬಿದ್ದ ಮರುದಿನ ಅದಕ್ಕೂ ನಿಮಗೂ ಸಂಬಂಧವಿಲ್ಲ. ನೀವು ಬರೆದ ವಿವರಣೆ ಹಾಗಲ್ಲ. ಸಿಂಧನೂರಿನಲ್ಲೋ ಸಾಗರದಲ್ಲೋ ಕುಳಿತು, ಇಂಗ್ಲಿಷ್ ಎಂದರೆ ಹಿಂಜರಿಯುವ, ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದ ಹುಡುಗಿಯೊಬ್ಬಳು ಅದನ್ನು ಓದಿ ತನ್ನೂರಿನ ಗ್ರಂಥಾಲಯಕ್ಕೆ ಅಚ್ಚುಕಟ್ಟಾದ ಪುಟವೊಂದನ್ನು ಕಟ್ಟಿಯಾಳು. ಅವಳಿಗೆ ನಿಮ್ಮ ಹೆಸರು ತಿಳಿಯದಿರಬಹುದು. ಪಾಠ ಹೇಳಿದ ಎಲ್ಲರ ಹೆಸರೂ ನಿಮಗಾದರೂ ಎಲ್ಲಿ ನೆನಪಿದೆ? ಕಲಿತದ್ದು ಉಳಿದಿದೆಯಲ್ಲ. ಈ ವಾರ ಒಂದು ಪುಟ ಬರೆಯಿರಿ. ಬರೆದವರು ನನಗೆ ತಿಳಿಸಿ, ಕಾಗುಣಿತ ನಾನು ತಿದ್ದಿಕೊಡುತ್ತೇನೆ.